ಆಲೂಗಡ್ಡೆ ಬೇಯಿಸಿದ ನೀರು

ಅಮೆರಿಕದ ಮೇನ್ ರಾಜ್ಯದ ಉತ್ತರ ತುದಿಯ ಕಣಿವೆಯಲ್ಲಿ ಕೂಸು ಹುಟ್ಟಿದರೆ ಆಲೂಗಡ್ಡೆ ತಕ್ಕಡಿಯಲ್ಲೇ ತೂಗುತ್ತಾರೆ. ತೂಕ ಕಡಿಮೆ ಬಂದರೆ ಎರಡು ಗಡ್ಡೆ ಸೇರಿಸಿ ಬರೆದುಕೊಳ್ಳುತ್ತಾರೆ. ಅಂಥ ಊರಿನಲ್ಲಿ ಕಿಡ್ನಿ ಡಾಕ್ಟರಾಗಿ, ಕಂಡಕಂಡವರಿಗೆಲ್ಲ "ಆಲೂಗಡ್ಡೆ ಕಮ್ಮಿ ಮಾಡಿ" ಎನ್ನುತ್ತ ಇಪ್ಪತ್ತೆರಡು ವರ್ಷ ಬದುಕುಳಿದವಳು ಓಲಿವೆಟ್ ಸಿರ್. ಊರ ಮಗಳಾದ್ದರಿಂದ ಸರಿ. ಪರವೂರಿನವಳಾಗಿದ್ದರೆ ಮೊದಲ ವಾರವೇ ಹೊಳೆ ದಾಟಿಸಿ ಕೆನಡಾಕ್ಕೆ ಬಿಟ್ಟು ಬರುತ್ತಿದ್ದರು.

ಅವಳ ರೋಗಿಗಳೆಲ್ಲ ವರ್ಷಾನುಗಟ್ಟಲೆಯ ಗಿರಾಕಿಗಳು. ಈ ರೋಗ ವಾಸಿಯಾಗಿ ಹೊರಡುವ ಪೈಕಿಯಲ್ಲ. ಮನೆಯಳಿಯನ ಹಾಗೆ ಬಂದು ಕೂತುಬಿಡುತ್ತದೆ. ಅದು ರೇಗದಂತೆ ನೋಡಿಕೊಳ್ಳುವುದೇ ಓಲಿವೆಟ್‌ಳ ಕಸುಬು. ಒಬ್ಬನ ಬಿ.ಪಿ. ಇಳಿಸಬೇಕು, ಇನ್ನೊಬ್ಬ ಮಂಡಿನೋವಿಗೆಂದು ಅಂಗಡಿಯಿಂದ ತಂದು ನುಂಗುವ ಮಾತ್ರೆ ಕಿತ್ತುಕೊಳ್ಳಬೇಕು. ಅವಳು ಜಪ್ತಿ ಮಾಡಿದ ಉಪ್ಪಿನಿಂದಲೇ ಒಂದು ಚಳಿಗಾಲವಿಡೀ ಊರ ರಸ್ತೆಯ ಹಿಮ ಕರಗಿಸಿದರಂತೆ.

ಆ ವರ್ಷ ಅವಳ ತಲೆ ಕೆಡಿಸಿದವನು ಒನೆಸಿಮ್ ತಿಬೊಡೊ. ಎಪ್ಪತ್ತೊಂದರ ಬೆಳೆಗಾರ, ಅವಳ ಅಪ್ಪನ ಗೆಳೆಯ. ಪಥ್ಯ ಹೇಳಿದ ಮೇಲೂ ಅವನ ರಕ್ತದಲ್ಲಿ ಪೊಟ್ಯಾಸಿಯಂ, ಅಂದರೆ ಆಲೂಗಡ್ಡೆಯಲ್ಲಿ ತುಂಬಿರುವ, ಸೋತ ಕಿಡ್ನಿ ಹೊರಹಾಕಲಾರದ ಲವಣ, ಪರೀಕ್ಷೆಯಿಂದ ಪರೀಕ್ಷೆಗೆ ಏರುತ್ತಲೇ ಇತ್ತು.

"ಮಾವ, ಇನ್ನೂ ಏರಿದ್ರೆ ಎದೆಬಡಿತಾನೇ ದಾರಿ ತಪ್ಪುತ್ತೆ. ವಾರಕ್ಕೆ ಮೂರು ದಿನ ಡಯಾಲಿಸಿಸ್ ಮಷಿನ್ನಿಗೆ ನಿನ್ನ ಕಟ್ಟಿಹಾಕ್ಬೇಕಾಗುತ್ತೆ. ನಿಜ ಹೇಳು, ಕದ್ದು ತಿಂತಿದೀಯಾ?"

"ನನ್ನ ಹೊಲದ ಗಡ್ಡೇನ ನಾನೇ ಕದೀಲಾ? ನೀನು ಹೇಳ್ದಂಗೇ ಸಣ್ಣಗೆ ಹೆಚ್ಚಿ, ಬಕೆಟ್‌ಗಟ್ಲೆ ನೀರಲ್ಲಿ ಎರಡೆರಡು ಸಲ ಬೇಯಿಸ್ತಾಳೆ ನಿನ್ನತ್ತೆ. ತಿನ್ನೋದು ನಾಕೇ ತುಂಡು. ಒದ್ದೆ ಕಾಲುಚೀಲ ಅಗಿದ್ರೂ ಇದಕ್ಕಿಂತ ರುಚಿಯಾಗಿರುತ್ತೆ ಪುಟ್ಟಿ."

ಓಲಿವೆಟ್ ನಂಬಲಿಲ್ಲ. ಮರುದಿನ ಊಟದ ಹೊತ್ತಿಗೆ ಹೇಳದೆ ಕೇಳದೆ ಅವರ ಅಡುಗೆಮನೆಗೆ ನುಗ್ಗಿದಳು. ಒನೆಸಿಮ್‌ನ ತಟ್ಟೆಯಲ್ಲಿ ನಾಲ್ಕೇ ತುಂಡು, ರಕ್ತಹೀನ ಮುಖದವು. ಕಪಾಟು, ಕೋಟಿನ ಜೇಬು, ಹಾಸಿಗೆಯಡಿ ಎಲ್ಲ ತಡಕಿದಳು. ಏನೂ ಇಲ್ಲ. ನಾಚಿಕೊಂಡು ಹೊರಡುವಷ್ಟರಲ್ಲಿ ಅವನ ಹೆಂಡತಿ ಕ್ಲೊತಿಲ್ಡ್, ಗಡ್ಡೆ ಬೇಯಿಸಿದ ನೀರನ್ನು ಒಂದು ಹನಿಯೂ ಹೊರಗೆ ಹೋಗದಂತೆ ಹೂಜಿಗೆ ಸೋಸುತ್ತಿದ್ದುದು ಕಣ್ಣಿಗೆ ಬಿತ್ತು.

"ಅತ್ತೆ, ಅದನ್ನ ಚೆಲ್ಲಲ್ವಾ?"

ಮೊಮ್ಮಗುವನ್ನೇ ಹೊಳೆಗೆ ಎಸೆಯಲು ಹೇಳಿದಳೆಂಬಂತೆ ನೋಡಿದಳು ಕ್ಲೊತಿಲ್ಡ್. "ಆಲೂಗಡ್ಡೆ ನೀರು ಚೆಲ್ಲೋದಾ? ನಮ್ಮಜ್ಜಿ ಗೋರಿಯಿಂದ ಎದ್ದು ಬಂದು ಬಾರಿಸ್ತಾಳೆ! ಬ್ರೆಡ್ಡಿನ ಹಿಟ್ಟು ಕಲಸೋದು ಇದ್ರಲ್ಲೇ, ಕೋಳಿಸಾರಿಗೂ ಇದೇ. ಉಳಿದಿದ್ದನ್ನ ಬಿಸಿಬಿಸಿಯಾಗಿ ಲೋಟಕ್ಕೆ ಹಾಕ್ಕೊಡ್ತೀನಿ. ಗಡ್ಡೆ ತಿನ್ನಂಗಿಲ್ಲ ಪಾಪ, ಅದರ ಸತ್ವನಾದ್ರೂ ಹೊಟ್ಟೆಗೆ ಬೀಳ್ಲಿ ಅಂತ."

ಓಲಿವೆಟ್ ಹೂಜಿಗೆ ಕೈ ಅಡ್ಡ ಹಿಡಿದಳು. "ಅತ್ತೆ, ನಾನು ಗಡ್ಡೆಯಿಂದ ಓಡಿಸ್ಬೇಕು ಅಂದ ಪೊಟ್ಯಾಸಿಯಂ ಎಲ್ಲ ನೀರಿಗಿಳಿದು ಆ ಹೂಜೀಲೇ ಇದೆ!"

"ನೀನು ಬೇಯ್ಸು ಅಂದೆ, ಚೆಲ್ಲು ಅಂತ ಎಲ್ಲಿ ಅಂದೆ?"

ನಿಜ. ಅಂದಿರಲಿಲ್ಲ. ಓಲಿವೆಟ್‌ಳ ತಾಯಿಯೂ ಜನ್ಮದಲ್ಲಿ ಆ ನೀರು ಚೆಲ್ಲಿದವಳಲ್ಲ. ಅಲ್ಲೇ ಒನೆಸಿಮ್‌ನ ರಕ್ತ ತೆಗೆದುಕೊಂಡು, ಕ್ಷಮೆ ಕೇಳಿದಳು. ಸಂಜೆ ಉಳಿದ ರೋಗಿಗಳ ಮನೆಗಳಿಗೆಲ್ಲ ಫೋನು ಹಚ್ಚಿದರೆ ಹೂಜಿಯಿಲ್ಲದ ಮನೆಯೇ ಇಲ್ಲ. ಒಬ್ಬಳಂತೂ ನೆಗಡಿಗೂ ಅದನ್ನೇ ಕುಡಿಸುತ್ತಿದ್ದಳು.

ಕ್ಲೊತಿಲ್ಡ್‌ಗೆ ಮಾತ್ರ ಮೋರಿಗೆ ಸುರಿಯಲು ಕೈ ಬರಲಿಲ್ಲ. ಅರ್ಧ ದಿನ ವಾದ ನಡೆದು, ಕೊನೆಗೆ ಹಿತ್ತಲಿನ ಹಂದಿಗೆ ಹಾಕುವುದೆಂದು ರಾಜಿಯಾಯಿತು.

ಮೂರು ವಾರ ಬಿಟ್ಟು ಮತ್ತೆ ರಕ್ತ ತೆಗೆದು ನೋಡಿದ ವರದಿ ಬಂತು. ಪೊಟ್ಯಾಸಿಯಂ ತಣ್ಣಗೆ ಇಳಿದು ತನ್ನ ಜಾಗದಲ್ಲಿ ಕೂತಿತ್ತು.

"ಗೆದ್ದೆ ಮಾವ! ಸದ್ಯಕ್ಕೆ ಮಷಿನ್ನಿನ ಮಾತೇ ಇಲ್ಲ."

ಒನೆಸಿಮ್‌ನ ಮುಖ ಅರಳಲಿಲ್ಲ. "ಅದು ಸರಿ ಪುಟ್ಟಿ. ಆದ್ರೆ ಆ ಹಂದಿ ನನ್ನ ಮುಖಾನೇ ನೋಡ್ಕೊಂಡು, ಚಪ್ಪರಿಸಿ ಚಪ್ಪರಿಸಿ ಕುಡಿಯುತ್ತೆ. ಅದಕ್ಕೂ ಒಂದು ರಕ್ತಪರೀಕ್ಷೆ ಬರ್ಕೊಡು, ನೋಡೋಣ."