ಫರಸಿಯ ಮೇಲೆ ಇಳಿದ ಹೆಲಿಕಾಪ್ಟರ್

ಮೊಮ್ಮಕ್ಕಳೇ, ಮಹಾದೇವಿ, ಶಿವೂ, ನಿನ್ನೆ ಗೌಂಡಿ ಬಚ್ಚಲಿನ ಒಡೆದ ಫರಸಿ ಕಲ್ಲನ್ನು ಎಬ್ಬಿಸಿದಾಗ ಅದರ ಕೆಳಮೈಯಲ್ಲಿ ಮೊಳೆಯಿಂದ ಗೀರಿದ ಒಂದು ದುಂಡು, ಪಕ್ಕದಲ್ಲೊಂದು ಉದ್ದ ಗೆರೆ ಕಂಡವು. "ಆಯಿ, ಇದೇನು?" ಅಂತ ಕೇಳಿದಿರಿ. ಹೇಳುವುದಕ್ಕಿಂತ ಬರೆಯುವುದೇ ನನಗೆ ಸಲೀಸು.

ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗಿ ಕೆಲವು ವರ್ಷಗಳಾಗಿದ್ದವು. ನಾನು ಐನಾಪುರದಿಂದ ಶಹಾಬಾದಿಗೆ ಬಂದ ಹೊಸ ಸೊಸೆ. ನಮ್ಮ ಅಂಗಳಕ್ಕೂ ಪಕ್ಕದ ಮನೆಯ ಅಂಗಳಕ್ಕೂ ನಡುವೆ ಎದೆಮಟ್ಟದ ಗೋಡೆ. ಆ ಮನೆಯ ಮಗ ಸೈನ್ಯದಲ್ಲಿ ಹೆಲಿಕಾಪ್ಟರ್ ಹಾರಿಸುತ್ತಿದ್ದರು. ಓಣಿಯೆಲ್ಲ ಅವರನ್ನು ಭಾಯಿ ಎನ್ನುತ್ತಿತ್ತು. ಅವರ ಹೆಂಡತಿ ಭಾಭಿ ನನ್ನ ಗೆಳತಿ.

ಆ ಬೇಸಿಗೆ ಭಾಯಿ ರಜೆಗೆ ಬಂದವರು ಮಂಕಾಗಿದ್ದರು. ಮೋಡದೊಳಗಿಂದ ಇಳಿಯುವ ಪರೀಕ್ಷೆಯಲ್ಲಿ ಫೇಲಾಗಿದ್ದರು. ರಜೆ ಮುಗಿದ ಮೇಲೆ ಇನ್ನೊಂದೇ ಅವಕಾಶ. ಅದೂ ಹೋದರೆ ಹಾರಾಟ ಬಂದ್, ಕುರ್ಚಿಯ ಕೆಲಸ. ಮೋಡದಲ್ಲಿ ಹೊರಗೆ ಏನೂ ಕಾಣುವುದಿಲ್ಲವಂತೆ. ಎದುರಿನ ಗಡಿಯಾರದಂಥ ಡಬ್ಬಿಗಳ ಮುಳ್ಳುಗಳನ್ನೇ ನಂಬಿ ಇಳಿಯಬೇಕು. ಗೊತ್ತಾದ ಎತ್ತರಕ್ಕೆ ಬಂದರೂ ನೆಲ ಕಾಣದಿದ್ದರೆ ಕೂಡಲೇ ಮೇಲೇಳಬೇಕು. ಭಾಯಿ ಏಳುತ್ತಿರಲಿಲ್ಲ. ಇನ್ನೊಂದಿಷ್ಟು ಇಳಿದರೆ ಕಂಡೀತು ಅನ್ನುವ ಆಸೆ… ಆ ಆಸೆಯೇ ಅವರನ್ನು ಕೆಡಿಸಿತ್ತು.

ಅದಕ್ಕೇ ಅಂಗಳದ ಫರಸಿಯ ಮೇಲೆ ದುಂಡು ಗೀರಿ, ಅದರೊಳಗೆ ಕಸಬರಿಗೆಯ ಎರಡು ಕಡ್ಡಿ ಇಟ್ಟರು. ನಿಂತ ಕಡ್ಡಿ ಎಡಬಲ ಹೇಳುವುದು, ಮಲಗಿದ ಕಡ್ಡಿ ಮೇಲೆ ಕೆಳಗೆ ಹೇಳುವುದು. ಎರಡೂ ನಟ್ಟನಡುವೆ ಕೂಡಿದರೆ ದಾರಿ ಸರಿ. ಪಕ್ಕದ ಗೆರೆ ಎತ್ತರದ್ದು, ಮೇಲೇಳಬೇಕಾದ ಎತ್ತರಕ್ಕೆ ಅದರಲ್ಲೊಂದು ಗುರುತು. ಅದರ ಮೇಲೆ ಒಂದು ಹುಣಸೆ ಬೀಜ ಇಳಿಯುತ್ತ ಬರಬೇಕು. ಭಾಯಿ ಬಲಗೈಯಲ್ಲಿ ಲಟ್ಟಣಿಗೆ, ಎಡಗೈಯಲ್ಲಿ ಸೌಟು ಹಿಡಿದು ಮಣೆಯ ಮೇಲೆ ಕೂಡುವರು. ಲಟ್ಟಣಿಗೆ ವಾಲಿಸಿದರೆ ಹೆಲಿಕಾಪ್ಟರ್ ಅತ್ತಿತ್ತ ಹೊರಳಿದಂತೆ, ಸೌಟು ಎತ್ತಿದರೆ ಮೇಲೇರಿದಂತೆ. ಕಡ್ಡಿ, ಬೀಜ ಸರಿಸುವ ಕೆಲಸ ಭಾಭಿಯದು. ಆದರೆ ಅವಳು ಗಂಡನ ಮುಖ ನೋಡಿ ಕರಗುವಳು. "ನೆಲ ಕಾಣ್ತದೇನು?" ಅಂದರೆ ಪ್ರತಿ ಸಲವೂ "ಕಾಣ್ತದ, ಕಾಣ್ತದ" ಅನ್ನುವಳು.

"ಹಿಂಗಾದ್ರ ನಾ ಈ ಅಂಗಳದಾಗ ಅಷ್ಟೇ ಪಾಸಾಗ್ತೀನಿ," ಎಂದು ರೇಗಿದ ಭಾಯಿ, ಗೋಡೆಯಾಚೆ ಸಂಡಿಗೆ ಒಣಹಾಕುತ್ತಿದ್ದ ನನ್ನನ್ನು ಕರೆದರು. "ತಂಗೀ, ನೀವು ಬರ್ರಿ. ನೀವು ಯಾರ ಮಾರಿನೂ ನೋಡಲ್ಲ. ಈ ಕೆಲಸಕ್ಕ ನೀವೇ ಸರಿ."

"ಮತ್ತ ನಾನು?" ಭಾಭಿ ಸೊಂಟಕ್ಕೆ ಕೈ ಇಟ್ಟಳು.

"ನೀ ಆಟೋಪೈಲಟ್. ನನ್ನ ಕೈ ಓಲಾಡದಂಗ ಹಿಡಕೊಂಡು ಕುಂದ್ರು."

"ಮದುವಿ ಆದಾಗಿಂದ ಅದನ್ನೇ ಮಾಡಾಕತ್ತೀನಿ. ಪಗಾರ ಮಾತ್ರ ನಿಮಗ!"

ಅತ್ತೆ ಹೂಂ ಅಂದ ಮೇಲೆ ಹೋದೆ. ಸೆರಗು ಹಣೆಯ ತನಕ ಎಳೆದುಕೊಂಡು ಫರಸಿಯನ್ನಷ್ಟೇ ನೋಡುತ್ತ ಕೂತೆ. ಬೀಜ ಗುರುತಿಗೆ ಬಂದಾಗ ಭಾಯಿ ಕೇಳುವರು, "ಕಾಣ್ತದೇನ್ರಿ?" ನಾನು, "ಇಲ್ರಿ." ಸೌಟು ಏಳುತ್ತಿರಲಿಲ್ಲ. ಬೀಜವನ್ನು ಗುರುತಿನ ಕೆಳಗೆ ಸರಿಸಿ ಮೆಲ್ಲಗೆ ಹೇಳುತ್ತಿದ್ದೆ, "ಬಿದ್ರಿ." ಭಾಭಿ ಹಣೆ ಬಡಿದುಕೊಳ್ಳುವಳು. ದಿನಾ ಇದೇ ಆಯಿತು.

ಅವರು ಹೊರಡುವ ಹಿಂದಿನ ದಿನ ಕಡ್ಡಿಗಳು ಒಮ್ಮೆಯೂ ನಡು ಬಿಡಲಿಲ್ಲ. ಭಾಭಿ ಉಸಿರು ಬಿಗಿಹಿಡಿದು ಅವರ ತೋಳು ಹಿಡಿದಿದ್ದಳು. ಬೀಜ ಗುರುತಿಗೆ ಬಂತು. ಭಾಭಿ ಕಾಲಿನಿಂದ ನನ್ನ ಕಾಲು ಒತ್ತಿದಳು, ಇವತ್ತೊಂದು ದಿನ ಹೂಂ ಅನ್ನು ಅಂತ. ನನಗೂ ಅನ್ನಬೇಕೆನಿಸಿತು…

"ಕಾಣ್ತದೇನ್ರಿ?"

"ಇಲ್ರಿ."

ಮಾತು ಮುಗಿಯುವ ಮೊದಲೇ ಸೌಟು ಮೇಲೆದ್ದಿತ್ತು.

ಕೆಲವು ವಾರಗಳ ಮೇಲೆ ಭಾಭಿ ಗೋಡೆ ಮೇಲಿಂದ ಬಗ್ಗಿ ನನ್ನ ಬಾಯಿಗೆ ಬೆಲ್ಲ ತುರುಕಿದಳು. "ಪಾಸಾದ್ರವಾ! ಅಲ್ಲೂ ನೆಲ ಕಾಣಲೇ ಇಲ್ಲಂತ. ನಿನ್ನ 'ಇಲ್ರಿ' ಕಿವ್ಯಾಗ ಕೇಳಿಸ್ತಂತ!"

ಮುಂದೆ ಅವರು ಮನೆ ಮಾರಿ ದೂರ ಹೋದರು. ಹೋಗುವಾಗ ಭಾಭಿ ಆ ಫರಸಿಯನ್ನು ಅಂಗಳದಿಂದ ಎಬ್ಬಿಸಿ ನನಗೆ ಕೊಟ್ಟಳು. ಕಾಲು ತಾಗಿ ಗೀರು ಸವೆಯಬಾರದು ಅಂತ ನಮ್ಮ ಬಚ್ಚಲಿನಲ್ಲಿ ಬೋರಲು ಹಾಕಿಸಿದೆ. ಭಾಯಿ ಮುಪ್ಪಿನಲ್ಲಿ ತೀರಿಕೊಂಡ ಸುದ್ದಿ ಬಂದ ದಿನ ಅವರ ಮುಖ ನೆನೆಸಿಕೊಳ್ಳಲು ಕೂತೆ. ಬರಲಿಲ್ಲ. ಸೌಟು ಹಿಡಿದ ಕೈ ಬರುತ್ತದೆ, ದನಿ ಬರುತ್ತದೆ… ಮುಖ ಇಲ್ಲ. ನಾನು ಒಂದು ಸಲವೂ ತಲೆ ಎತ್ತಿ ನೋಡಿರಲಿಲ್ಲ.

ಒಡೆದ ಫರಸಿಯನ್ನು ಬಿಸಾಡಲು ಬಿಡಬೇಡಿ, ಗೋಡೆಗೆ ಆನಿಸಿಡಿ. ಈ ಹಾಳೆಗಳನ್ನು ಜೋಳದ ಡಬ್ಬಿಯ ಮೇಲೆ ಇಟ್ಟರೆ ಹುಳ ಹತ್ತುತ್ತದೆ. ನನ್ನ ಟ್ರಂಕಿನಲ್ಲಿ, ಸೀರೆಗಳ ನಡುವೆ ಇಟ್ಟು ಜೋಪಾನ ಮಾಡಿ.