ದೊಡ್ಡಮ್ಮನ ಕಾಲು ಮತ್ತು ಇಪ್ಪತ್ತೊಂದನೇ ವಿಧಿ

ನಾನು ಅರಸೀಕೆರೆ ಕೋರ್ಟಿನಲ್ಲಿ ವಕೀಲಿಕೆ ಮಾಡುವವಳು. ಹಳ್ಳಿಗಳಲ್ಲಿ ಕಾನೂನು ಅರಿವು ಕಾರ್ಯಕ್ರಮ ಅಂತ ನಡೆಯುತ್ತದಲ್ಲ, ಅದರಲ್ಲಿ ಆರೋಗ್ಯದ ಹಕ್ಕಿನ ಬಗ್ಗೆ ಮಾತಾಡುವ ಕೆಲಸ ಯಾವಾಗಲೂ ನನ್ನ ತಲೆಗೇ ಬೀಳುತ್ತದೆ. ಉಳಿದ ವಕೀಲರಿಗೆ ಜಮೀನಿನ ಪಾಲು, ಜೀವನಾಂಶ. ಅವಕ್ಕೆ ಜನ ಕಿವಿಗೊಟ್ಟು ಕೂರುತ್ತಾರೆ. ಆರೋಗ್ಯ ಅಂದರೆ ಬಿಪಿ ಚೆಕ್ ಮಾಡುತ್ತಾರೇನೋ ಅಂತ ತೋಳು ಮೇಲೇರಿಸಿಕೊಂಡು ಕಾಯುತ್ತಾರೆ.

ಜಾವಗಲ್‌ನಲ್ಲಿ ಮಾತಾಡಿದ ದಿನ ಮುಂದಿನ ಕುರ್ಚಿಯಲ್ಲೇ ನಮ್ಮ ದೊಡ್ಡಮ್ಮ ಕೂತಿದ್ದಳು. ನಮ್ಮಮ್ಮನ ಅಕ್ಕ. ಊರಲ್ಲಿ ತೆಂಗಿನ ತೋಟ, ಕೊಬ್ಬರಿ ವ್ಯಾಪಾರ, ಒಬ್ಬ ಮಗ, ಸೊಸೆ. ನಾನು ಎಂದಿನಂತೆ ಶುರುಮಾಡಿದೆ. ಸಂವಿಧಾನದಲ್ಲಿ ಆರೋಗ್ಯದ ಹಕ್ಕು ಅಂತ ಬೇರೆಯಾಗಿ ಬರೆದಿಲ್ಲ, ಇಪ್ಪತ್ತೊಂದನೇ ವಿಧಿಯ ಜೀವದ ಹಕ್ಕಿನೊಳಗೆ ಅದೂ ಇದೆ ಎಂದು ಸುಪ್ರೀಂ ಕೋರ್ಟು ಓದಿಕೊಂಡಿದೆ ಅಂದೆ. ದೇಶದೇಶಗಳು ಸೇರಿ ಮಾಡಿಕೊಂಡ ಒಡಂಬಡಿಕೆಯೂ ಒಂದಿದೆ, ನಾವೂ ಒಪ್ಪಿದ್ದೇವೆ. ಆಸ್ಪತ್ರೆ, ಔಷಧಿ ಅಷ್ಟೇ ಅಲ್ಲ, ಕುಡಿಯುವ ನೀರು, ಶೌಚಾಲಯ, ಎಲ್ಲ ಆರೋಗ್ಯದ ಹಕ್ಕೇ. ನಿಮ್ಮ ಮೈಗೆ ಏನು ಮಾಡಬೇಕು, ಏನು ಮಾಡಬಾರದು ಅನ್ನುವುದನ್ನು ಹೇಳುವವರೂ ನೀವೇ.

"ಬರೀದೇ ಇರೋದ್ನ ಕೋರ್ಟ್ನೋರು ಹೆಂಗೇ ಓದಿದ್ರು?" ದೊಡ್ಡಮ್ಮ ಕೂತಲ್ಲಿಂದಲೇ ಕೇಳಿದಳು. ಎಲ್ಲರೂ ನಕ್ಕರು. ನಾನೂ ನಕ್ಕು ಮುಂದಕ್ಕೆ ಹೋದೆ.

ಅದಾಗಿ ಸ್ವಲ್ಪ ದಿನಕ್ಕೆ ಅವಳ ಪಾದಕ್ಕೆ ಕರಟದ ಚೂರು ಚುಚ್ಚಿತ್ತು. ಸಕ್ಕರೆ ಕಾಯಿಲೆಯ ಪಾದ, ನೋವೇ ತಿಳಿಯಲಿಲ್ಲ. ತಿಳಿಯುವಷ್ಟರಲ್ಲಿ ಬೆರಳು ಕಪ್ಪಾಗಿ ಮೇಲಕ್ಕೆ ಹಬ್ಬಿತ್ತು. ಹಾಸನದ ದೊಡ್ಡಾಸ್ಪತ್ರೆಗೆ ಸೇರಿಸಿದೆವು. ಹಾಸಿಗೆ ಸಿಕ್ಕಿತು, ಔಷಧಿ ಸಿಕ್ಕಿತು, ಡಾಕ್ಟರೂ ಒಳ್ಳೆಯವರು. ಯಾರ ಮೇಲಾದರೂ ಕೂಗಾಡೋಣ ಎಂದು ಕರಿಕೋಟಿನ ಗತ್ತಿನಲ್ಲೇ ಹೋಗಿದ್ದ ನನಗೆ ಕೂಗಾಡಲು ಯಾರೂ ಸಿಗಲಿಲ್ಲ.

"ಮೊಣಕಾಲಿನ ಕೆಳಗೆ ತೆಗೀಬೇಕು. ತೆಗೀದಿದ್ರೆ ಜೀವಕ್ಕೇ ಅಪಾಯ. ಸೈನ್ ಯಾರು ಮಾಡ್ತೀರಿ?" ಎಂದರು ಡಾಕ್ಟರು, ಅಣ್ಣನ ಕಡೆ ತಿರುಗಿ. ಅಣ್ಣ ಎಂದರೆ ದೊಡ್ಡಮ್ಮನ ಮಗ. ಅವನು ಜೇಬಿನಿಂದ ಪೆನ್ನು ತೆಗೆದೂ ಆಗಿತ್ತು.

ದೊಡ್ಡಮ್ಮ ದಿಂಬಿಗೆ ಒರಗಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ನಮ್ಮಲ್ಲಿ ಇದೊಂದು ಪದ್ಧತಿ. ಕಾಯಿಲೆಯವರು ಕಣ್ಣು ಬಿಟ್ಟುಕೊಂಡು ಕೂತಿದ್ದರೂ ಮಾತೆಲ್ಲ ಪಕ್ಕದವರ ಹತ್ತಿರ. ನನಗೆ ರೇಗಿತು. "ಅವಳನ್ನೇ ಕೇಳಿ ಸಾರ್" ಅಂದೆ. ಡಾಕ್ಟರು ಕೇಳಿದರು.

"ಬ್ಯಾಡ" ಎಂದಳು ದೊಡ್ಡಮ್ಮ.

ಅಣ್ಣ ನನ್ನನ್ನು ನುಂಗುವ ಹಾಗೆ ನೋಡಿದ. ಡಾಕ್ಟರು ಸಮಾಧಾನವಾಗಿ ಮತ್ತೆ ವಿವರಿಸಿದರು. ಅವಳು ಮತ್ತೆ ಬ್ಯಾಡ ಅಂದಳು. "ಸಾಯ್ತೀನಿ ಅಂತ ನಂಗೆ ಗೊತ್ತಾಯ್ತಪ್ಪ, ನೀನು ಚೆನ್ನಾಗೇ ಹೇಳ್ದೆ" ಅಂತ ಅವರಿಗೇ ಸಮಾಧಾನ ಹೇಳಿದಳು.

ಅಣ್ಣ ಕಾಫಿಗೆ ಹೋದಾಗ ಪಕ್ಕದಲ್ಲಿ ಕೂತು ಯಾಕೆ ಎಂದು ಕೇಳಿದೆ. ಅಣ್ಣ ಹೋದ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ನನ್ನ ಕಿವಿ ಹತ್ತಿರಕ್ಕೆಳೆದುಕೊಂಡಳು. "ಕಾಲು ಹೋದ್ರೆ ಹೋಗ್ಲಿ ಕಣೇ. ಹಿತ್ಲಿಗೆ ಹೆಂಗಿಳೀಲಿ? ಆ ಮೆಟ್ಲಾಗೆ ನಿಮ್ಮಣ್ಣ ನನ್ನ ಎತ್ಕೊಂಡು ಕಕ್ಕಸಿಗೆ ಹೋಗ್ತಾನಾ? ಸೊಸೆ ಕೈಲಿ ತೊಳೆಸ್ಕೊಂಡು ನಾನು ಲಿಂಗ ಮುಟ್ಲಾ?"

ಬಚ್ಚಲು, ಕಕ್ಕಸು ಎರಡೂ ಆ ಮನೆಯ ಹಿತ್ತಿಲಿನಲ್ಲಿ, ಕಡಿದಾದ ಮೆಟ್ಟಿಲು ಇಳಿದು ಹೋಗಬೇಕು. ಬೆಳಿಗ್ಗೆ ದೊಡ್ಡಮ್ಮ ತಾನಾಗಿಯೇ ಇಳಿದು ಹೋಗಿ, ಸ್ನಾನ ಮಾಡಿ ಬಂದು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂರುವುದು ಒಂದು ದಿನವೂ ತಪ್ಪಿರಲಿಲ್ಲ.

ನನಗೆ ಹೋದ ಜೀವ ಬಂದ ಹಾಗಾಯಿತು. ಇಷ್ಟೇ ಏನು! ಓಡಿ ಹೋಗಿ ಅಣ್ಣನಿಗೆ ಹೇಳಿದೆ. "ಅಷ್ಟೇನಾ? ನಾಳೆನೇ ಮೇಸ್ತ್ರಿ ಕರೆಸ್ತೀನಿ, ಮನೆ ಒಳಗೇ ಕಟ್ಸೋಣ" ಅಂದ. ಇಬ್ಬರೂ ಖುಷಿಯಾಗಿ ವಾರ್ಡಿಗೆ ಬಂದೆವು. ಆದರೆ ಮನೆಯೊಳಗೆ ಜಾಗ ಇದ್ದದ್ದು ಉಗ್ರಾಣದಲ್ಲಿ ಮಾತ್ರ. ಉಗ್ರಾಣದ ಗೋಡೆಯ ಆಚೆಗೇ ದೇವರ ಕೋಣೆ.

"ದೇವ್ರ ಗೋಡೆಗೆ ಕಕ್ಕಸ್ ಕಟ್ಟೋ ಹಕ್ಕು ಯಾವ್ ದೇಶ್ದೋರು ಕೊಟ್ರೇ, ಲಾಯರಮ್ಮ?" ಎಂದಳು ದೊಡ್ಡಮ್ಮ.

ಪಕ್ಕದ ಹಾಸಿಗೆಯವರೂ ನಕ್ಕರು. ನನಗೆ ನಗು ಬರಲಿಲ್ಲ. ಮಂಚದ ಪಕ್ಕ ಇಡುವ ಕಮೋಡು ಕುರ್ಚಿ ಸಿಗುತ್ತದೆ ಎಂದು ನರ್ಸು ಹೇಳಿದಾಗ ದೊಡ್ಡಮ್ಮ ಮುಖ ಆ ಕಡೆ ತಿರುಗಿಸಿದಳು.

ಅಣ್ಣನಿಗೆ ತಡೆಯಲಾಗಲಿಲ್ಲ. ಡಾಕ್ಟರ ಕೋಣೆಗೆ ಹೋಗಿ ಕೈ ಮುಗಿದ. "ಮತ್ತು ಕೊಟ್ಟು ಮಾಡ್ಬಿಡಿ ಸಾರ್. ಸೈನು ನಾನು ಹಾಕ್ತೀನಿ. ಆಮ್ಯಾಕೆ ಬೈದ್ರೆ ಬೈಸ್ಕೊತೀನಿ."

ಡಾಕ್ಟರು ನನ್ನ ಮುಖ ನೋಡಿದರು. "ಎಚ್ಚರವಾಗಿರೋರ ಒಪ್ಪಿಗೆ ಇಲ್ಲದೆ ಮುಟ್ಟೋ ಹಾಗಿಲ್ಲ" ಎಂದೆ. ಅದು ಕೋರ್ಟಿನಲ್ಲಿ ಮಾತಾಡುವ ನನ್ನ ಗಂಟಲು. ಹೇಳುತ್ತಿದ್ದ ಹಾಗೆಯೇ ಒಳಗೆ ಬೇರೆ ಏನೋ ನಡೆದಿತ್ತು. ಈ ಡಾಕ್ಟರು ನನ್ನ ಮಾತು ಕೇಳದಿರಲಿ, ನನ್ನನ್ನು ಹೊರಗೆ ಹಾಕಿ ಕೆಲಸ ನೋಡಲಿ ಎಂದು ಬೇಡಿಕೊಳ್ಳುತ್ತಿದ್ದೆ. ಅವರು ಕೇಳಿದರು. ಕಾನೂನು ಗೊತ್ತಿದ್ದವರು.

ದೊಡ್ಡಮ್ಮನನ್ನು ಜಾವಗಲ್‌ಗೆ ಕರೆದುಕೊಂಡು ಬಂದೆವು. ಜ್ವರ ಏರುವ ತನಕ ಅಣ್ಣ, ಅತ್ತಿಗೆಯ ಹೆಗಲು ಹಿಡಿದು ಮೆಟ್ಟಿಲು ಇಳಿದು ಹೋಗುತ್ತಿದ್ದಳಂತೆ, ಬಾಗಿಲ ಹೊರಗೇ ಅವರನ್ನು ನಿಲ್ಲಿಸಿ. ಹೆಚ್ಚು ದಿನ ಉಳಿಯಲಿಲ್ಲ.

ಸರ್ಕಾರದಿಂದ ಕೇಳಬೇಕಾದ ಹಕ್ಕನ್ನು ನಾನು ಬಲ್ಲೆ. ಅರ್ಜಿ ಹೇಗೆ ಹಾಕಬೇಕು, ಯಾರನ್ನು ಪ್ರತಿವಾದಿ ಮಾಡಬೇಕು ಎಲ್ಲ ಗೊತ್ತು. ಇಲ್ಲಿ ಪ್ರತಿವಾದಿ ಯಾರು? ಮೆಟ್ಟಿಲೇ, ಗೋಡೆಯೇ, ಲಿಂಗವೇ, ಅವಳೇ? ಚಿಕಿತ್ಸೆ ಪಡೆಯುವ ಹಕ್ಕು, ಬೇಡ ಎನ್ನುವ ಹಕ್ಕು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದವಳು ನಾನು. ಈಗಲೂ ಕಾರ್ಯಕ್ರಮಗಳಿಗೆ ಹೋಗುತ್ತೇನೆ. ಹೋದ ಸಲ ಗೆಂಡೆಹಳ್ಳಿಯಲ್ಲಿ ಎರಡನೆಯದನ್ನು ಹೇಳಲು ಬಾಯೇ ಬರಲಿಲ್ಲ. ಹೇಳದೆ ಇಳಿದು ಬಂದೆ, ಬಸ್ಸಿನಲ್ಲಿ ಕೂತು ಹೇಳಬೇಕಿತ್ತು ಅಂದುಕೊಂಡೆ.

ಈ ವರ್ಷ ಅತ್ತಿಗೆಯ ಮೊಣಕಾಲಿಗೆ ಆಪರೇಷನ್ ಆಯಿತು. ಮೆಟ್ಟಿಲು ಹತ್ತಿ ಇಳಿಯಬೇಡಿ ಎಂದರಂತೆ. ನೋಡಿಕೊಂಡು ಬರಲು ಹೋದೆ. ಬಸ್ಸಿನ ಧೂಳು, ಕಾಲು ತೊಳೆಯಲು ಹಿತ್ತಿಲಿಗೆ ಹೊರಟವಳನ್ನು ಅಣ್ಣ ತಡೆದ. "ಅಲ್ಲಿಗ್ಯಾಕೆ ಹೋಗ್ತಿ? ಒಳಗೇ ಐತೆ ಈಗ."

ಉಗ್ರಾಣ ಇರಲಿಲ್ಲ. ಬಿಳಿ ಟೈಲ್ಸು, ಕಮೋಡು, ಗೋಡೆಗೆ ಹಿಡಿದುಕೊಳ್ಳಲು ಸ್ಟೀಲಿನ ಸರಳು. ಆಚೆ ಕೋಣೆಯಿಂದ ಊದುಬತ್ತಿಯ ವಾಸನೆ ಬರುತ್ತಿತ್ತು. ಯಾರೂ ಏನೂ ಅಂದಂತೆ ಕಾಣಲಿಲ್ಲ, ದೇವರೂ ಸೇರಿ.

ನಲ್ಲಿ ನಿಲ್ಲಿಸಿ ತಿರುಗಿದಾಗ ಅಣ್ಣ ಟವೆಲ್ಲು ಹಿಡಿದು ಬಾಗಿಲಲ್ಲೇ ನಿಂತಿದ್ದ.

"ಆವತ್ತು ನೀನು ಸುಮ್ಕಿದ್ದಿದ್ರೆ, ಬೈಕೊಂಡಾದ್ರೂ ಇರ್ತಿದ್ಳಲ್ವೇನೇ ಅವ್ವ?"

"ಇರ್ತಿದ್ಳು" ಅಂದೆ.

ಅವನು ಟವೆಲ್ಲು ಕೊಟ್ಟ. ಸರಳು ಹಿಡಿದುಕೊಂಡು ಒಂದು ಪಾದ ಒರೆಸಿದೆ, ಆಮೇಲೆ ಇನ್ನೊಂದನ್ನು.