ಕುಣಿಯೊಳಗಿನ ಕುಡಗೋಲು

ರೊಟ್ಟಿ ಬಡಿಯುತ್ತಿದ್ದೆ. ನಮ್ಮ ಮನೆಯವರು ಹೊಲದಿಂದ ಓಡಿಬಂದವರೇ, "ಕಾಲುವಿ ಅಗಿಯೋ ಕಡೆ ಯಾವ ಕಾಲದ್ದೋ ಹೆಣದ ಕುಣಿ ಸಿಕ್ಕೈತಿ. ಎಲುಬಿನ ಮಗ್ಗಲ ಕುಡಗೋಲು ಇಟ್ಟಾರ ನೋಡು!" ಎಂದರು. ಸತ್ತವರು ಅಲ್ಲಿಯೂ ಒಕ್ಕಲುತನ ಮಾಡಲೆಂದು ಹಿಂದಿನವರು ಹೀಗೆ ಇಟ್ಟಿರಬೇಕು, ಸಮುದ್ರದಾಚೆಯ ವೈಕಿಂಗ್ ಜನರೂ ಇಡುತ್ತಿದ್ದರು ಎಂದು ಶಹಾಪುರದ ಮೇಷ್ಟ್ರೊಬ್ಬರು ಹೇಳಿದರಂತೆ.

ನನಗೆ ತಲೆಬುಡ ತಿಳಿಯಲಿಲ್ಲ. ನಮ್ಮಲ್ಲಿ ಕೊರಳ ಲಿಂಗ, ವಿಭೂತಿ, ಪತ್ರಿ ಬಿಟ್ಟರೆ ಸತ್ತವರ ಜೊತೆ ಏನೂ ಕಳಿಸುವುದಿಲ್ಲ.

ಆಯುಷ್ಯವೆಲ್ಲ ಹೊಲದಲ್ಲಿ ಕುರ್ಪಿ ಹಿಡಿದು ಕಳೆ ತೆಗೆದು, ಈಗ ಹಾಸಿಗೆ ಹಿಡಿದಿರುವ ನಮ್ಮ ಅತ್ತೆ ಎಲ್ಲ ಕೇಳಿಸಿಕೊಂಡು, "ನನ್ನ ಕುರ್ಪಿನೂ ನನ್ನ ಕೂಡ ಇಡ್ರಿ" ಎಂದರು.

"ಸುಮ್ಮ ಮಲಗಬೇ" ಎಂದು ಗದರಿ ನಮ್ಮ ಮನೆಯವರು ಹೊರಗೆ ನಡೆದರು.

"ಅಲ್ಲೂ ಕಸಾ ತಗೀತೀರೇನ್ರಿ ಅತ್ತಿ? ಇಲ್ಲಿ ತಗದಿದ್ದು ಸಾಲಲಿಲ್ಲೇನ್ರಿ?" ಎಂದೆ.

"ಶಿವನ ಮುಂದ ಸುಮ್ಮ ಕೂಡಾಕ ನನಗ ಬರಂಗಿಲ್ಲವ್ವಾ. ಇಡ್ತೀಯೋ ಇಲ್ಲೋ, ಮಾತು ಕೊಡು" ಎಂದು ಕೈ ಚಾಚಿದರು.

ಶಿವನ ಪಾದ ಸೇರಿದವರಿಗೆ ವಿಶ್ರಾಂತಿ ಎಂದು ನಂಬಿದವಳು ನಾನು. ಕುಣಿಯಲ್ಲಿ ಕಬ್ಬಿಣ ಇಟ್ಟರೆ ಮಠದ ಸ್ವಾಮಿಗಳು ಏನೆನ್ನುತ್ತಾರೋ! ಇಡದಿದ್ದರೆ ಅತ್ತೆಯ ಕೊನೆಯ ಆಸೆಯನ್ನೇ ಮೀರಿದಂತೆ. "ಇಡ್ತೀನ್ರಿ" ಎಂದು ಅವರು ಚಾಚಿದ ಕೈ ಹಿಡಿದುಕೊಂಡೆ.

ಸರಿ ಮಾಡಿದೆನೋ ತಪ್ಪು ಮಾಡಿದೆನೋ, ಇನ್ನೂ ಗೊತ್ತಾಗಿಲ್ಲ. ಅಂದು ಅತ್ತೆ ಬೇಡವೆನ್ನದೆ ಗಂಜಿ ಕುಡಿದು ನಿದ್ದೆ ಹೋದರು. ಅಷ್ಟಾದರೂ ದೇವರ ದಯೆ ಎಂದುಕೊಂಡು, ಅವರ ಸೀರೆ ಹಿಂಡಿ ಒಣಹಾಕಲು ಹೊರಗೆ ಹೋದೆ.